ಸೊಪ್ಪು ತಂದ ಗಿರಾಕಿ

ಇವತ್ತು ನನ್ನ ಬ್ಲಾಗ್ ಓದಿ ಮೊದಲ ಗಿರಾಕಿ ಫೋನ್ ಮಾಡಿದರು, ಗೆಳೆಯರೇ. ಅವ್ವ ರೇಷ್ಮೆಹುಳ ಸಾಕುತ್ತಿದ್ದ ದಿನಗಳ ಬಗ್ಗೆ ಬರೆದು, ಕೆಳಗೆ ನಮ್ಮ ನೆಟ್‌ವರ್ಕ್ ಮಾರ್ಕೆಟಿಂಗ್‌ನ ಪ್ರೋಟೀನ್ ಪುಡಿಯ ಲಿಂಕೂ ನನ್ನ ನಂಬರೂ ಹಾಕಿದ್ದೆ. ಫೋನ್ ಮಾಡಿದ್ದು ನಮ್ಮೂರು ಕೈಲಾಂಚದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಿರಿಜಕ್ಕ.

"ಎರಡು ಡಬ್ಬ ಕಳ್ಸು ಕಣಪ್ಪ."

"ಅಕ್ಕ, ಅದೇನು ಅಂತ ಒಸಿ ಹೇಳ್ತೀನಿ, ಕೇಳಿ."

"ಏನಾರಾ ಆಗ್ಲಿ. ನಮ್ಮ ಹುಳ ನಾಕ್ನೇ ಸಲ ಪೊರೆ ಬಿಟ್ಟು ಜ್ವರ ಎದ್ದು, ಸೊಪ್ಪಿಲ್ದೆ ಹಸ್ಕೊಂಡಿದ್ದಾಗ ನಿಮ್ಮವ್ವ ನಿಮ್ ತ್ವಾಟದ ಸೊಪ್ಪು ಕುಯ್ದು ಕೊಟ್ಲು. ಯಾಕೆ, ಏನು ಅಂತ ಕೇಳಿದ್ಲಾ?"

ತರಬೇತಿಯಲ್ಲಿ ಕಲಿತಿದ್ದ ಮಾತೆಲ್ಲ ಬಿಟ್ಟು ಅಕ್ಕನ ವಿಳಾಸ ಬರೆದುಕೊಂಡೆ. ಬ್ಲಾಗ್‌ನಿಂದ ನನಗೆ ಸಿಕ್ಕ ಒಬ್ಬರೇ ಗಿರಾಕಿಯನ್ನು ಅವ್ವ ಮೂವತ್ತು ವರ್ಷದ ಹಿಂದೆಯೇ ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ಕೊಟ್ಟು ಹಿಡಿದಿಟ್ಟಿದ್ದಳು. ಅವತ್ತು ಅವ್ವ ಏನನ್ನೂ ಮಾರುತ್ತಿರಲಿಲ್ಲ.