ಬ್ರೈನಾ ಅತ್ತೆಯ ಪೆನ್ಸಿಲು

ಬ್ರೈನಾ ಅತ್ತೆಯಂಥ ಓದುಗರು ಬ್ರೂಕ್ಲಿನ್ನಿನಲ್ಲಿ ಬೀದಿಗೊಬ್ಬರಾದರೂ ಸಿಕ್ಕಾರು, ಆದರೆ ಅವಳಷ್ಟು ಬಾಯಿ ಯಾರಿಗೂ ಇಲ್ಲ. ಯೆಹೂದಿಗಳ ದೀಪದ ಹಬ್ಬ ಹನುಕ್ಕಾ ಬಂತೆಂದರೆ ಹೆಣ್ಣಿಗೆ ಹೆಣ್ಣೇ ಒಲಿಯುವ ಹಬ್ಬದ ಕಾದಂಬರಿಗಳನ್ನೆಲ್ಲ ತರಿಸಿ, ಆಲೂಗಡ್ಡೆ ವಡೆ ಕರಿಯುತ್ತಲೇ ಪೆನ್ಸಿಲು ಹಿಡಿದು ಓದುತ್ತಾಳೆ, ಹಾಗಾಗಿ ಅವಳ ಪುಸ್ತಕಗಳೆಲ್ಲ ಎಣ್ಣೆ ಎಣ್ಣೆ. "ಮುತ್ತು ಕೊಡೋಕೆ ಅಂತ ಹಬ್ಬದ ದೀಪ ಊದಿ ಆರಿಸಿದ್ದಾಳೆ ನೋಡೇ! ನಮ್ಮೋರ ಮನೇಲಿ ಯಾರಾದ್ರೂ ಊದ್ತಾರೇನೇ? ಇವಳು ಯೆಹೂದಿ ಹುಡುಗಿಯಂತೆ, ನನ್ನ ತಲೆ!" ಎಂದು ಅವಳು ಪುಸ್ತಕ ಎಸೆದರೆ ಬೆಕ್ಕು ಮಂಚದಡಿ ಸೇರುತ್ತದೆ. ಕಥೆಯಲ್ಲಿ ಯೆಹೂದಿ ಹುಡುಗಿ ನಾಯಕಿಯ ಬರೀ ಗೆಳತಿಯಾಗಿ ಬಂದು, ಬೇರೆಯವರ ಕ್ರಿಸ್ಮಸ್ ಮರಕ್ಕೆ ಏಣಿ ಹಿಡಿದು ಹೋದರಂತೂ ಅವತ್ತು ಊಟವನ್ನೇ ಬಿಡುತ್ತಾಳೆ. ಇಂಥವಳ ಕೈಗೆ ಅಣ್ಣನ ಮಗಳು ಅವಿವಾ ತಾನೇ ಬರೆದ ಅಂಥದೊಂದು ಕಾದಂಬರಿ ಕೊಟ್ಟಿದ್ದಳು, ಅತ್ತೆ ಒಪ್ಪದಿದ್ದರೆ ಅಚ್ಚಿಗೇ ಕೊಡುವುದಿಲ್ಲವೆಂದು ಹಟ ಹಿಡಿದು. ಪೆನ್ಸಿಲು ಕಾಗದ ಮುಟ್ಟಿದಾಗಲೆಲ್ಲ ಅವಿವಾ ಕತ್ತು ಚಾಚಿ ಇಣುಕುತ್ತಿದ್ದಳು. ಹಬ್ಬದ ದೀಪ ಉರಿಯುವಷ್ಟು ಹೊತ್ತು ಹೆಂಗಸರು ಕೆಲಸ ಮುಟ್ಟಬಾರದೆಂದು ಅವರಲ್ಲಿ ರೂಢಿ; ಆ ಅರ್ಧ ಗಂಟೆ ಇಬ್ಬರು ಹೆಂಗಸರು ಮಾತಿಲ್ಲದೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ ಪುಟಕ್ಕೆ ಬಂದಾಗ ಪೆನ್ಸಿಲು ನಿಂತೇಬಿಟ್ಟಿತು. ವಡೆ ಸೀದ ವಾಸನೆ ಬಂದರೂ ಅತ್ತೆ ಬಾಣಲೆ ಕಡೆ ತಿರುಗಲಿಲ್ಲ. "ಇದನ್ನ ಯಾರು ಹೇಳಿದ್ರೇ ನಿಂಗೆ?" "ಯಾರೂ ಹೇಳ್ಲಿಲ್ಲ ಅತ್ತೆ. ಚಿಕ್ಕೋಳಿದ್ದಾಗ ನೋಡಿದ್ದೆ. ನೀನು, ಮೇಲಿನ ಮನೆ ಫೇಗಾ ಆಂಟಿ." ಫೇಗಾ ತೀರಿಕೊಂಡು ವರ್ಷಗಳೇ ಆಗಿದ್ದವು. ಅತ್ತೆ ಆ ಪುಟದಲ್ಲಿ ಒಂದೇ ಒಂದು ಪದ ಹೊಡೆದುಹಾಕಿದಳು. "ಬಲಗಡೆ ಅಂತ ಬರ್ದಿದ್ದೀಯ. ಅಚ್ಚಿಗೆ ಕೊಡೋಕೆ ಮುಂಚೆ ತಿದ್ದು. ಅವಳು ಯಾವಾಗ್ಲೂ ನನ್ನ ಎಡಗಡೇಗೇ ಕೂರ್ತಿದ್ದಿದ್ದು."