ಹಿಂದಿನ ರೂಮಿನ ಮೂರು ದಿನ

ಶಿವಮೊಗ್ಗದ ವಿದ್ಯಾನಗರದ ಒಂದು ಮಹಿಳಾ ಸಮಾಜದಲ್ಲಿ ‘ಕಾದಂಬರಿಗಳ ಹೆಣ್ಣು ಮತ್ತು ಸ್ವಾಭಿಮಾನ’ ಎಂಬ ವಿಷಯದ ಮೇಲೆ ಮಾತನಾಡುತ್ತಿದ್ದಾಗ ನಾನು ಬಿದ್ದೆ. ಸ್ವಾಭಿಮಾನ ಇನ್ನೂ ಅರ್ಧಕ್ಕೆ ಬಂದಿತ್ತಷ್ಟೆ. ಮೈಕು ಹಿಡಿದ ಕೈ ತಣ್ಣಗಾಯಿತು. ಮುಂದಿನ ಸಾಲಿನ ಮುಖಗಳು ಮಸುಕಾದವು. ಎಚ್ಚರವಾದಾಗ ಯಾರೋ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಸೀರೆ ಒದ್ದೆಯಾಗಿತ್ತು, ನೀರಿನಿಂದಲ್ಲ.

ಹಿಮೋಗ್ಲೋಬಿನ್ ಐದೂವರೆ.

ಡಾಕ್ಟರ್ ನನಗಿಂತ ಬಹಳ ಚಿಕ್ಕವರು. ರಿಪೋರ್ಟ್ ನೋಡಿ ತಲೆಯೆತ್ತಿದರು.

“ಎಷ್ಟು ದಿನದಿಂದ ಬ್ಲೀಡಿಂಗ್ ಆಗ್ತಿದೆ ಮೇಡಂ?”

“ಈ ಸಲ ಹತ್ತೊಂಬತ್ತು ದಿನ.”

“ಈ ಸಲ ಅಂದ್ರೆ?”

ಒಂದು ವರ್ಷದಿಂದ ಹೀಗೇ ಎಂದೆ. ಅವರು ಪೆನ್ನು ಕೆಳಗಿಟ್ಟರು. “ನೀವು ಎಂ.ಎ. ಮಾಡಿದೀರ. ಊರಲ್ಲೆಲ್ಲ ಭಾಷಣ ಮಾಡ್ತೀರ. ಇಷ್ಟು ದಿನ ಏನ್ ಮಾಡ್ತಿದ್ರಿ?”

ಓದುತ್ತಿದ್ದೆ ಎನ್ನಬೇಕಿತ್ತು. ಸೆರಗು ಸರಿಮಾಡಿಕೊಂಡೆ. ನಾಚಿಕೆ ಎಂದುಕೊಂಡರೋ ಏನೋ, ಬಯ್ಯುವುದನ್ನು ನಿಲ್ಲಿಸಿ ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು.

ನಮ್ಮದು ಪೌರೋಹಿತ್ಯದ ಮನೆ. ನನ್ನ ಗಂಡ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು. ರಜೆ ಬಂದರೆ ಪೂಜೆ, ಹೋಮ. ಮನೆಯ ಹೆಂಗಸರು ಮುಟ್ಟಾದರೆ ಮೂರು ದಿನ ಹಿಂದಿನ ರೂಮಿನಲ್ಲಿ ಕೂರಬೇಕು. ಅಡುಗೆಮನೆ, ದೇವರಮನೆಗೆ ಬರುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ತಟ್ಟೆಯನ್ನು ಬಾಗಿಲಲ್ಲಿಟ್ಟು ಅತ್ತೆ ದೂರ ಸರಿಯುತ್ತಾರೆ. ಮಗಳು ದೊಡ್ಡವಳಾದಾಗ “ನಾನು ಕೂರಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಈಗ ಅವಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ನನಗೆ ಆ ಧೈರ್ಯ ಇರಲಿಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು ನಾನು. ಅಲ್ಲಿ ಇದ್ದದ್ದು ಒಂದು ರೂಮು, ಒಂದು ಅಡುಗೆಮನೆ. ಬೇರೆ ಕೂರುವುದಾದರೂ ಎಲ್ಲಿ? ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೊದಲ ತಿಂಗಳು ಆ ರೂಮಿನಲ್ಲಿ ಮೂರು ದಿನವೂ ಅಳುತ್ತಲೇ ಇದ್ದೆ.

ಎರಡನೆಯ ತಿಂಗಳು ಒಂದು ಪುಸ್ತಕ ತೆಗೆದುಕೊಂಡು ಹೋದೆ.

ಆಮೇಲೆ ಇಪ್ಪತ್ತೆರಡು ವರ್ಷ ನಾನು ಓದಿದ್ದೆಲ್ಲ ಆ ರೂಮಿನಲ್ಲೇ. ಆ ಮೂರು ದಿನ ‘ಸುಮಾ’ ಎಂದು ಯಾರೂ ಕೂಗುವುದಿಲ್ಲ. ಹಾಲು ಉಕ್ಕಿದರೆ ನನ್ನದಲ್ಲ, ಬಾಗಿಲ ಬೆಲ್ ಹೊಡೆದರೆ ನನ್ನದಲ್ಲ. ಗಂಡ ಅಡುಗೆ ಮಾಡುತ್ತಾರೆ. ಸುಳ್ಳೇಕೆ, ಅವರ ಸಾರು ನನ್ನದಕ್ಕಿಂತ ರುಚಿ. ಉಳಿದ ಇಪ್ಪತ್ತೇಳು ದಿನ ಅದೇ ಕೈಗೆ ಏನಾಗುತ್ತದೆಂದು ನಾನು ಕೇಳಿದವಳಲ್ಲ. ಕಾದಂಬರಿಯ ಹೆಂಗಸರು ಗಂಡನ ಮನೆ ಬಿಟ್ಟು ಹೊರಡುವುದನ್ನು, ನೌಕರಿ ಹಿಡಿಯುವುದನ್ನು, ತಮ್ಮ ಹೆಸರಿನಲ್ಲೇ ಬಾಳುವುದನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಅವೇ ನನ್ನ ಭಾಷಣಗಳಾದವು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಕೇಳುವವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಅದೊಂದು ಸುಖದ ಜಾಗವೆಂದು ಯಾರೂ ತಿಳಿಯಬಾರದು. ಒಮ್ಮೆ ಜ್ವರ ಬಂದಿತ್ತು, ಹಣೆ ಮುಟ್ಟಿ ನೋಡಲು ಒಬ್ಬರೂ ಇರಲಿಲ್ಲ. ನನ್ನ ಒಂಟಿತನ ಮತ್ತು ನನ್ನ ಬಿಡುವು ಎರಡೂ ಒಂದೇ ಕೋಣೆಯಲ್ಲಿದ್ದವು, ಬೇರೆ ಮಾಡಿ ತೆಗೆದುಕೊಳ್ಳುವುದು ನನಗೆ ತಿಳಿಯಲಿಲ್ಲ.

ನಲವತ್ತೈದು ದಾಟಿದ ಮೇಲೆ ಮೂರು ದಿನ ಐದಾಯಿತು, ಆಮೇಲೆ ಎಂಟು. ಸ್ರಾವ ನಿಲ್ಲುವ ತನಕ ಒಳಗೆ ಬರುವಂತಿಲ್ಲ ಎಂಬುದು ನಮ್ಮ ಮನೆಯ ಕ್ರಮ. ಭಾಷಣಕ್ಕೆ ಹಿತ್ತಿಲ ಬಾಗಿಲಿಂದ ಹೋಗಿಬರಲು ಅಡ್ಡಿಯಿರಲಿಲ್ಲ. ಎಂಟಾದಾಗ ನಾನು ಹೆದರಲಿಲ್ಲ. ಇನ್ನೊಂದು ಪುಸ್ತಕ ಮುಗಿಯಿತು ಎಂದುಕೊಂಡೆ. ಮೆಟ್ಟಿಲು ಹತ್ತಿದರೆ ಏದುಸಿರು, ಉಗುರು ಬಿಳಿಚಿಕೊಂಡಿತ್ತು. ಅತ್ತೆ ಬಾಗಿಲಲ್ಲಿ ನಿಂತು, “ಡಾಕ್ಟ್ರಿಗೆ ತೋರಿಸೇ ಸುಮಾ, ಇದ್ಯಾಕೋ ಸರಿ ಕಾಣಲ್ಲ” ಎಂದರು.

“ತೋರಿಸಿದೀನಿ. ಮುಟ್ಟು ನಿಲ್ಲೋ ಮುಂಚೆ ಹೀಗೇ ಅಂತೆ.”

ಯಾವ ಡಾಕ್ಟರಿಗೂ ತೋರಿಸಿರಲಿಲ್ಲ. ನಿಲ್ಲುವುದು ನನಗೆ ಬೇಕಿರಲಿಲ್ಲ.

ಫೈಬ್ರಾಯ್ಡ್ ಗಡ್ಡೆ ದೊಡ್ಡದಾಗಿತ್ತು. ಮೂರು ಬಾಟಲಿ ಬ್ಲಡ್ ಕೊಟ್ಟು, ಆಮೇಲೆ ಗರ್ಭಕೋಶ ತೆಗೆಯಬೇಕೆಂದರು. ನನ್ನ ಗಂಡ ಕನ್ಸೆಂಟ್ ಫಾರ್ಮಿಗೆ ಸಹಿ ಹಾಕಿ ಬಂದು ಮಂಚದ ಪಕ್ಕ ಕೂತರು. ಹೆದರಿದ್ದರು, ಪಾಪ. ಸಮಾಧಾನ ಮಾಡಲೆಂದೇ, “ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು. ಇನ್ನು ನಿಂಗೆ ಹಿಂದಿನ ರೂಮಲ್ಲಿ ಕೂರೋ ಕಾಟ ಇಲ್ಲ” ಎಂದರು.

ಸಾವಿಗೂ ಅಷ್ಟು ಹೆದರಿರಲಿಲ್ಲ ನಾನು.

ಆಪರೇಷನ್ ಆಯಿತು. ಬಯಾಪ್ಸಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆರು ವಾರದ ರೆಸ್ಟಿಗೆ ಭದ್ರಾವತಿಗೆ, ಅಮ್ಮನ ಮನೆಗೆ ಹೋದೆ. ಅಲ್ಲಿ ನನ್ನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಿಲ್ಲ. ಟಿವಿ, ಗಂಜಿ, ನೋಡಲು ಬರುವವರು. ಕ್ವಾರ್ಟರ್ಸ್ ಕಾಲದ ಪಕ್ಕದ ಮನೆಯ ರಾಜಮ್ಮಕ್ಕ ಬಂದು ಕೆನ್ನೆ ಸವರಿ, “ಇನ್ಮೇಲೆ ನೀನು ರಾಣಿ ಕಣಮ್ಮಾ, ಯಾವ ತೊಂದ್ರೆನೂ ಇಲ್ಲ” ಎಂದರು. ನಾನು ಬಿಕ್ಕಿ ಅತ್ತೆ. ಅಮ್ಮ ತಲೆ ನೇವರಿಸಿದರು. “ಬಂಗಾರದಂಥ ಮಗಳಿದ್ದಾಳೆ, ಇನ್ಯಾಕೆ ಬೇಕು ಆ ಗರ್ಭಕೋಶ, ಮಾರಾಯ್ತಿ?” ಎಂದರು. ಎಲ್ಲರೂ ಸುತ್ತ ಕೂತಿದ್ದರು. ಅಷ್ಟು ಒಂಟಿ ನಾನು ಆ ಹಿಂದಿನ ರೂಮಿನಲ್ಲೂ ಆಗಿರಲಿಲ್ಲ. ಕಾರಣ ಹೇಳಿದರೆ ಯಾರಾದರೂ ನಂಬುತ್ತಾರೆಯೇ? ನನ್ನನ್ನು ಮುಟ್ಟದೆ ದೂರವಿಟ್ಟ ಆಚಾರಕ್ಕಾಗಿ ನಾನು ಅಳುತ್ತಿದ್ದೆ. ಅದು ಅವಮಾನವೆಂದು ನನಗೂ ಗೊತ್ತು. ಆದರೆ ನನ್ನ ಪಾಲಿಗೆಂದು ಮೂರು ದಿನ ಬಿಡಿಸಿಕೊಡುವಂಥದ್ದು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ಮೈ ಸರಿಯಿಲ್ಲದಾಗ ಮಾತ್ರ ನನಗೊಂದು ರೂಮು. ಮೈ ಸರಿಯಾದ ಮೇಲೆ ಯಾವ ನೆಪ ಹೇಳಿ ಕೇಳಲಿ? ಹೊಲಿಗೆ ಮಾಯುವ ತನಕ ಇದೊಂದೇ ಯೋಚನೆ.

ಶಿವಮೊಗ್ಗಕ್ಕೆ ವಾಪಸು ಬಂದಾಗ ಹಿಂದಿನ ರೂಮಿನಲ್ಲಿ ಹೋಮದ ಇಟ್ಟಿಗೆ, ತಾಮ್ರದ ಹಂಡೆ, ಎರಡು ಮೂಟೆ ಅಕ್ಕಿ. ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಎರಡು ದಿನ ಅದರ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಮೂರನೆಯ ದಿನ ಊಟವಾದ ಮೇಲೆ ಗಂಡನಿಗೆ ಹೇಳಿದೆ.

“ಆ ರೂಮು ಖಾಲಿ ಮಾಡ್ಕೊಡಿ. ತಿಂಗಳಿಗೆ ಮೂರು ದಿನ ನಾನಲ್ಲಿರ್ತೀನಿ. ಮುಂಚಿನ ಹಾಗೇ.”

ಅವರು ನಕ್ಕರು. “ಈಗ ನಿಂಗ್ಯಾಕೆ ಆ ರೂಮು?”

“ಓದಕ್ಕೆ.”

“ಹಾಲ್‌ನಲ್ಲಿ ಕೂತು ಓದು, ಯಾರು ಬೇಡ ಅಂದ್ರು?”

ಯಾರೂ ಬೇಡ ಎನ್ನುವುದಿಲ್ಲ. ಹಾಲ್‌ನಲ್ಲಿ ಕೂತವಳು ಕಾಫಿಗೆ ಏಳಬೇಕು, ಬಾಗಿಲಿಗೆ ಏಳಬೇಕು, ಅಷ್ಟೆ. ಇದನ್ನು ಹೇಳಲು ಹೋದೆ. ಇಷ್ಟು ವರ್ಷ ವೇದಿಕೆಯ ಮೇಲೆ ಆಡಿದ ಮಾತುಗಳಲ್ಲಿ ಒಂದೂ ಒದಗಲಿಲ್ಲ. ಡಾಕ್ಟರಿಗೆ ತೋರಿಸಿದ್ದೇನೆಂದು ಸುಳ್ಳು ಹೇಳಿದ್ದನ್ನೂ, ಅದು ಯಾಕೆಂಬುದನ್ನೂ ಹೇಳಿಬಿಟ್ಟೆ. ಅವರ ಮುಖ ಸಣ್ಣದಾಯಿತು. “ಒಂದು ಮಾತು ಕೇಳಿದ್ರೆ ಕೊಡ್ತಿರಲಿಲ್ವಾ ನಾನು?” ಎಂದರು. ಕೇಳಿದ್ದರೆ ಕೊಡುತ್ತಿದ್ದರೋ ಏನೋ. ಕೇಳುವಷ್ಟು ಬೆಲೆಯನ್ನು ನಾನೇ ನನಗೆ ಕೊಟ್ಟುಕೊಂಡಿರಲಿಲ್ಲ.

ಪಕ್ಕದಲ್ಲೇ ಕೂತು ಹುರುಳಿಕಾಯಿ ಸೋಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. “ನಂಗೆ ನಿಂತಾಗ ನಾನೂ ಅತ್ತಿದ್ದೆ ಕಣೇ,” ಎಂದರು. “ಇನ್ನು ಮಕ್ಕಳಾಗಲ್ಲ ಅಂತ ಅಳ್ತಾಳೆ ಅಂದ್ಕೊಂಡ್ರು ಎಲ್ರೂ. ನಾನು ಅತ್ತಿದ್ದು ನಿದ್ದೆಗೆ. ತಿಂಗಳಲ್ಲಿ ಆ ಮೂರು ದಿನವೇ ನಾನು ಕಣ್ತುಂಬ ನಿದ್ದೆ ಮಾಡ್ತಿದ್ದಿದ್ದು.”

“ಯಾರಿಗೂ ಹೇಳಲಿಲ್ವಾ ಅತ್ತೆ?”

“ಯಾರು ಕೇಳಿದ್ರು?” ಎಂದರು. ಆಮೇಲೆ ಮಗನ ಕಡೆ ತಿರುಗಿ, “ಆ ಇಟ್ಟಿಗೆ ಎಲ್ಲ ಅಟ್ಟಕ್ಕೆ ಹಾಕೋ” ಎಂದರು.

ಈಗ ಹಿಮೋಗ್ಲೋಬಿನ್ ಹನ್ನೊಂದಕ್ಕೆ ಬಂದಿದೆ. ಭಾರ ಎತ್ತುವಂತಿಲ್ಲ, ಬೇಗ ಸುಸ್ತಾಗುತ್ತದೆ. ಬಯ್ದ ಆ ಡಾಕ್ಟರನ್ನು ದಿನಕ್ಕೊಮ್ಮೆಯಾದರೂ ನೆನೆಯುತ್ತೇನೆ. ಕಳೆದ ವಾರ ಮೂರು ದಿನ ರೂಮಿನಲ್ಲಿ ಕೂತೆ. ಮೊದಲ ದಿನ ಒಂದು ಪುಟವೂ ಸಾಗಲಿಲ್ಲ. ಆರೋಗ್ಯವಾಗಿರುವವಳು ಹೀಗೆ ಕೂರಬಹುದೇ ಎಂಬ ಅಳುಕು. ಎರಡನೆಯ ದಿನ ಮಧ್ಯಾಹ್ನ ಅತ್ತೆ ಚಾಪೆ ಹಿಡಿದುಕೊಂಡು ಬಂದರು. “ನೀನು ಓದ್ಕೋ,” ಎಂದು ಕಿಟಕಿಯ ಕೆಳಗೆ ಹಾಸಿ ಮಲಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ನಾಲ್ಕು ಗಂಟೆಗೆ ಅಡುಗೆಮನೆಯಿಂದ ಗಂಡನ ದನಿ ಕೇಳಿತು. “ಅಮ್ಮ ಎಲ್ಲಿ? ಕಾಫಿ ಆಗಲಿಲ್ವಾ?”

“ಮಲಗಿದಾರೆ,” ಎಂದೆ. “ಎಬ್ಬಿಸಬೇಡಿ.”