ಯಾರೂ ಸಾಯದ ಪುಸ್ತಕಗಳು

ನಾನು ಮದುವೆಯಾಗಿ ಗಡಿಯಾಚೆ ಮಹಾರಾಷ್ಟ್ರದ ಉಮರಗಾಕ್ಕೆ ಬಂದಾಗ ನನ್ನ ತಗಡಿನ ಪೆಟ್ಟಿಗೆಯಲ್ಲಿ ಸೀರೆಗಳಿಗಿಂತ ಕನ್ನಡ ಪುಸ್ತಕಗಳೇ ಹೆಚ್ಚಿದ್ದವು. ಪೆಟ್ಟಿಗೆಯ ಭಾರಕ್ಕೆ ಹಿಗ್ಗಿದ್ದ ಮಾವನ ಮನೆಯ ಗಂಡಸರು ತೆರೆದು ನೋಡಿ ಮುಖ ಹುಳ್ಳಗೆ ಮಾಡಿಕೊಂಡರು. ಆಮೇಲೂ ಹಿಗ್ಗಿದವರು ಅತ್ತೆಯೊಬ್ಬರೇ. ಅವರೂ ನನ್ನ ಹಾಗೆ ಬೀದರ ಜಿಲ್ಲೆಯಿಂದ ಬಂದವರು, ಕನ್ನಡ ಶಾಲೆ ಕಲಿತವರು. ಅವರ ಹೆಣ್ಣುಮಕ್ಕಳಿಬ್ಬರು ಇಲ್ಲಿಯ ಮರಾಠಿ ಶಾಲೆಗೆ ಹೋದವರು. ಬಾಯಿ ತುಂಬ ಕನ್ನಡ ಮಾತಾಡಿದರೂ ಕನ್ನಡದ ಒಂದಕ್ಷರ ಓದಲು ಬರುತ್ತಿರಲಿಲ್ಲ. ದೊಡ್ಡವಳನ್ನು ನಿಲಂಗಾಕ್ಕೂ ಸಣ್ಣವಳನ್ನು ಉದಗೀರಕ್ಕೂ ಕೊಟ್ಟಿದ್ದರು.

ಅಮಾವಾಸ್ಯೆಯಂದು ನಮ್ಮ ಕಡೆ ಎತ್ತು ಹೂಡುವುದಿಲ್ಲ. ಹೊಲಕ್ಕೆ ಬುತ್ತಿ ಕಟ್ಟುವ ಗದ್ದಲವಿಲ್ಲದ ಆ ದಿನ ನಾದಿನಿಯರಿಬ್ಬರೂ ಬಸ್ಸು ಹಿಡಿದು ತವರಿಗೆ ಬರುತ್ತಿದ್ದರು. ಅತ್ತೆ ಮೂಗಿನ ಮೇಲೆ ಚಾಳೀಸು ಏರಿಸಿ ಗಟ್ಟಿಯಾಗಿ ಓದುವುದು, ನಾವು ಮೂವರು ಜೋಳ ಹಸನು ಮಾಡುತ್ತ ಕೇಳುವುದು. ಓಣಿಯ ಹೆಂಗಸರು ತಿಂಗಳಿಗೊಮ್ಮೆ ಕೂಡಿ ಚೀಟಿ ಹಾಕಿ ರೊಕ್ಕದ ಭಿಶಿ ಎತ್ತುತ್ತಿದ್ದರೆ ನಮ್ಮದು ಪುಸ್ತಕದ ಭಿಶಿ. ಹೆಸರಿಟ್ಟವಳು ಉದಗೀರದಾಕೆ. ನನಗೆ ಒಳಗೊಳಗೇ ಉರಿ. ಪುಸ್ತಕ ನನ್ನವು, ಓದುವ ದನಿಯೂ ನನ್ನದೇ ಚೆನ್ನ. ಒಮ್ಮೆ ಬಾಯಿಬಿಟ್ಟು ಕೇಳಿಯೇ ಕೇಳಿದೆ.

“ಮನಿ ನಂದದ, ಚಾಳೀಸ ನಂದದ. ನೀ ಜ್ವಾಳಾ ನೋಡು” ಎಂದರು ಅತ್ತೆ. ನೋಡಿದೆ.

ಆಮೇಲೆ ಭೂಕಂಪವಾಯಿತು. ಗಣಪತಿ ಕಳಿಸಿ ದಣಿದು ಮಲಗಿದ್ದ ಹಳ್ಳಿಗಳು ಬೆಳಗಾಗುವುದರೊಳಗೆ ಕಲ್ಲುಮಣ್ಣಿನ ಗುಡ್ಡೆಗಳಾದವು. ನಿಲಂಗದಾಕೆಯ ಏಳು ವರ್ಷದ ಮಗಳು ಗಣಪತಿ ನೋಡಲು ಹಟ ಮಾಡಿ ಹಳ್ಳಿಯ ನೆಂಟರ ಮನೆಗೆ ಹೋಗಿದ್ದಳು. ಅಲ್ಲಿಯ ಗೋಡೆಯ ಕೆಳಗೇ ಹೋಗಿಬಿಟ್ಟಳು. ಆಕೆಗೆ ಇದ್ದ ಕೂಸು ಅದೊಂದೇ. ಅತ್ತೆ ಆಗ ಒಂದು ಕಟ್ಟಳೆ ಮಾಡಿದರು: ತಾಯಿಯ ಎದುರು ಯಾರೂ ಕೂಸಿನ ಹೆಸರು ಎತ್ತಕೂಡದು, ಗಾಯ ಕೆದಕಕೂಡದು. ಕೂಸಿನ ಫೋಟೋ ಅರಿವೆಗಳ ಅಡಿಗೆ ಹೋಯಿತು. ಹೆಸರು ನಾಲಿಗೆಗೆ ಬಂದರೆ ನಾವು ಕೆಮ್ಮಿ ಮಾತು ಮರೆಸುತ್ತಿದ್ದೆವು. ತಾಯಿಯೇ ಮಾತೆತ್ತಿದರೂ “ಚಹಾ ಇಡ್ಲೇನು” ಅನ್ನುತ್ತ ಯಾರಾದರೊಬ್ಬರು ಎದ್ದುಹೋಗುವರು.

ನಿಂತುಹೋಗಿದ್ದ ಭಿಶಿಯನ್ನು ಮತ್ತೆ ಶುರುಮಾಡಿದ್ದು ನಿಲಂಗದಾಕೆಯೇ. ಒಂದು ಅಮಾವಾಸ್ಯೆಗೆ ಬಂದು “ಓದವ್ವಾ” ಎಂದಳು. ಕಲ್ಲಿನ ಮನೆಯೊಳಗೆ ಕೂರಲು ಇನ್ನೂ ಧೈರ್ಯವಿಲ್ಲದೆ ಅಂಗಳದ ತಗಡಿನ ನೆರಳಲ್ಲಿ ಕೂತೆವು. ಅತ್ತೆ ಕೈಗೆ ಸಿಕ್ಕ ಕಾದಂಬರಿಯೊಂದನ್ನು ಎತ್ತಿಕೊಂಡರು. ಶಾಲೆಯಲ್ಲಿದ್ದಾಗ ಅದನ್ನು ಓದಿ ಅತ್ತವಳು ನಾನು. ನಡುವೆ ಒಂದು ಹುಡುಗಿ ಬಾವಿಗೆ ಬಿದ್ದು ಸಾಯುತ್ತಾಳೆ. ಉಳಿದದ್ದೆಲ್ಲ ಅವಳ ತಾಯಿಯ ಕತೆ.

ಆ ಪುಟ ಬಂತು. ಹುಡುಗಿಯ ಕಾಲು ಜಾರಿತು. ಅತ್ತೆ ಚಾಳೀಸು ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಓದಿದರು: “ಅಷ್ಟರಾಗ ಕುರಿ ಕಾಯೋ ಮುದುಕ ಒಬ್ಬ ಓಡಿಬಂದು ಆಕಿನ ಮ್ಯಾಲ ಎತ್ತಿದಾ.” ಆ ಪುಸ್ತಕದಲ್ಲಿ ಕುರಿಯೂ ಇಲ್ಲ, ಮುದುಕನೂ ಇಲ್ಲ. ನಾನು ತಲೆಯೆತ್ತಿದೆ. ಅತ್ತೆ ಚಾಳೀಸಿನ ಮೇಲಿಂದ ನನ್ನನ್ನು ನೋಡಿದರು. ನಾನು ಜೋಳಕ್ಕೆ ಬಗ್ಗಿದೆ.

ಬದುಕಿಸಿದ ಮೇಲೆ ಸಾಕಬೇಕಲ್ಲ! ಲೇಖಕರು ಪುಟಗಟ್ಟಲೆ ತಾಯಿ ಅಳುವಂತೆ ಮಾಡಿದ್ದ ಜಾಗದಲ್ಲಿ ಅತ್ತೆ ಆ ಹುಡುಗಿಯನ್ನು ಶಾಲೆಗೆ ಕಳಿಸಿದರು, ಗೆಳತಿಯರೊಡನೆ ಜಗಳವಾಡಿಸಿದರು. ಎಡಗೈಯಲ್ಲಿ ಉಣ್ಣುತ್ತಾಳೆ, ಬಡಿದರೂ ಬಿಡುವುದಿಲ್ಲ ಎಂದರು. ಸಾಲಿನ ಮೇಲೆ ಕಣ್ಣಾಡಿಸುತ್ತ, ಹೊತ್ತಿಗೆ ಸರಿಯಾಗಿ ಪುಟ ತಿರುವುತ್ತ ಇಷ್ಟು ದೊಡ್ಡ ಸುಳ್ಳನ್ನು ಓದುವುದು ಹುಡುಗಾಟವಲ್ಲ. ಕೊನೆಗೆ ಅವಳಿಗೆ ಜಳಕೋಟದ ವರ ಗೊತ್ತಾದ. “ಅಗ ಬಾಯಿ, ಜಳಕೋಟಕ್ಕ ಕೊಡಬ್ಯಾಡವ್ವಾ, ನಮ್ಮ ಉದಗೀರದಾಗೇನ್ ಗಂಡ ಇಲ್ಲೇನು?” ಎಂದು ಸಣ್ಣಾಕೆ ತಕರಾರು ತೆಗೆದಳು. ಮುಂದಿನ ಪುಸ್ತಕಗಳಲ್ಲೂ ಅದೇ ಕತೆ. ದಂಡಿಗೆ ಹೋದವರು ತಿರುಗಿ ಬಂದರು, ಹಾಸಿಗೆ ಹಿಡಿದವರು ಎದ್ದು ಕೂತರು.

ನಿಲಂಗದಾಕೆ ನಗಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಒಂದು ಸಲ ಹಿತ್ತಲಿಗೆ ನನ್ನ ಹತ್ತಿರ ಬಂದು “ವೈನಿ, ನನಗ ಕನ್ನಡ ಅಕ್ಷರ ಕಲಸ್ರಿ” ಎಂದಳು. ಯಾಕೆ ಎಂದೆ. “ಬಸ್ಸಿನ ಬೋರ್ಡ ಓದ್ಲಾಕ” ಎಂದಳು. ನಾನೇನೂ ನಂಬಲಿಲ್ಲ. ಆದರೂ ಮೊರದಲ್ಲಿದ್ದ ಜೋಳದ ಮೇಲೆ ಬೆರಳಿನಿಂದ ಬರೆದು ಕಲಿಸಿದೆ. ಬಸ್ಸು ಬದಲಿಸುವ ಕಾಸಾರಶಿರಸಿಯಲ್ಲಿ ನಿಂತು, ಕರ್ನಾಟಕದ ಬಸ್ಸುಗಳ ಬೋರ್ಡುಗಳನ್ನು ಖರೇನೇ ಕೂಡಿಸಿ ಕೂಡಿಸಿ ಓದುತ್ತಿದ್ದಳಂತೆ. ಒಂದು ಅಮಾವಾಸ್ಯೆಯಂದು ಆ ಬಾವಿಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಮುಂದಿನ ಅಮಾವಾಸ್ಯೆಗೆ ಬಂದವಳೇ ಪುಸ್ತಕ ತೆಗೆದಳು. “ಇವತ್ತ ನಾ ಓದ್ತೀನಿ.”

“ನಿನಗೆಲ್ಲಿ ಬರ್ತದ?” ಎಂದು ಅತ್ತೆ ನಕ್ಕರು. ಆಕೆ ಬಾವಿಯ ಪುಟ ತೆರೆದಾಗ ನಗು ನಿಂತಿತು. ಪುಟದ ಮೇಲೆ ಕೈ ಅಡ್ಡ ಇಟ್ಟರು. “ಅದು ಆಗ್ಯದಲ್ಲ. ಬ್ಯಾರೆ ತಗೋ.”

“ನೀ ಇಷ್ಟ ಪುಸ್ತಕ ಓದಿದಿ, ಒಬ್ಬರೂ ಸಾಯಲಿಲ್ಲ. ಅಂಥಾ ಊರು ಖರೇ ಇದ್ದಿದ್ರ ನಾ ಮಗಳನ ಕರ್ಕೊಂಡು ಅಲ್ಲೇ ಇರ್ತಿದ್ದೆ ಅವ್ವಾ.”

“ನಿನ್ನ ಸಲುವಾಗೇ ಮಾಡೀನಿ.”

“ಎಡಗೈಲೆ ಉಣ್ಣಾಕಿ ಇದ್ರಾಗ ಎಲ್ಲೂ ಇಲ್ಲ, ನಾ ಹುಡುಕೀನಿ. ಎಡಗೈಲೆ ಉಣ್ತಿದ್ದಾಕಿ ನನ್ನ ಮಗಳು. ಆಕಿನ ನೀ ಇದ್ರಾಗ ಇಟ್ಕೊಂಡು ದೊಡ್ಡಾಕಿನ ಮಾಡಿದಿ, ಮದಿವಿ ಮಾಡಿದಿ. ನನಗ ಆಕಿ ಹೆಸರ ಸುದ್ದಾ ತಗೋಳ್ಲಾಕ ಕೊಡಲಿಲ್ಲ.”

ಅತ್ತೆಯ ಕೈ ತಾನಾಗಿ ಸರಿಯಿತು. ಇಷ್ಟು ದಿನ ಅವರ ಸುಳ್ಳಿಗೆ ನಗುತ್ತಿದ್ದ ನನಗೆ ಅದು ಅಜ್ಜಿಯ ಅಳು ಎಂದು ಹೊಳೆದಿರಲೇ ಇಲ್ಲ.

ಆಕೆ ಓದತೊಡಗಿದಳು. ಒತ್ತಕ್ಷರ ಬಂದಲ್ಲೆಲ್ಲ ಎಡವಿ, ಹಿಂದೆ ಹೋಗಿ, ಮತ್ತೆ ಹಿಡಿದು ಓದಿದಳು. ಹುಡುಗಿಯ ಕಾಲು ಜಾರುವ ಸಾಲು ಬಂತು. “ಅಕ್ಕಾ, ನಕೋ ಗ, ಬಿಡು” ಎಂದು ಸಣ್ಣಾಕೆ ಅವಳ ತೋಳು ಹಿಡಿದಳು. “ಬಿಡಂಗಿಲ್ಲ” ಎಂದು ತೋಳು ಕೊಡವಿ ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು. ಯಾವ ಮುದುಕನೂ ಓಡಿಬರಲಿಲ್ಲ. ಹುಡುಗಿ ಸತ್ತಳು. ಒಂದು ಶಬ್ದವನ್ನೂ ಬಿಡದೆ ಅಧ್ಯಾಯ ಮುಗಿಸಿ, ಆಕೆ ಪುಸ್ತಕವನ್ನು ನೆಲಕ್ಕಿಟ್ಟಳು.

“ಈಗ ನನ್ನ ಮಗಳ ಮಾತು ಹೇಳ್ರಿ” ಎಂದಳು. “ಹೆಸರ ಹಿಡಿದು ಹೇಳ್ರಿ.”

ಈ ಸಲ ಚಹಾ ಇಡಲು ಯಾರೂ ಏಳಲಿಲ್ಲ. ಅತ್ತೆ ಮೊಮ್ಮಗಳ ಹೆಸರು ಕೂಗಿದರು. ಸಣ್ಣಗೆ ಅಲ್ಲ. ಓಣಿಯಲ್ಲಿ ಆಡುವ ಕೂಸನ್ನು ಊಟಕ್ಕೆ ಕರೆಯುವ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

ನಿಲಂಗದಾಕೆ ಕಣ್ಣು ಒರೆಸಿಕೊಳ್ಳಲಿಲ್ಲ. “ಇನ್ನೊಮ್ಮೆ ಕರಿಯವ್ವಾ” ಎಂದಳು.